ಅತ್ತಿಗೆ ಕೇಳಿದ ಹಳ್ಳದ ಹೊಲ

ಅತ್ತಿಗೆ ಒಬ್ಬಳೇ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಶ್ರಾವಣದ ಕೊನೆಯ ವಾರ, ಭಾನುವಾರ. ನಾನು ಗುಮಾಸ್ತೆಯಾಗಿರುವ ಕಾಲೇಜಿಗೆ ರಜೆ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಯ ಮುಂದೆ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದೆ. ಓಣಿಯ ತಿರುವಿನಲ್ಲಿ ಒಬ್ಬ ಹೆಂಗಸು ಕೈಚೀಲ ಹಿಡಿದು, ಒಂದೊಂದೇ ಬಾಗಿಲು ನೋಡುತ್ತ ಬರುತ್ತಿದ್ದಳು. ಹತ್ತಿರ ಬಂದ ಮೇಲೆಯೇ ಅವಳು ನನ್ನ ಅಣ್ಣನ ಹೆಂಡತಿ ಎಂದು ಗೊತ್ತಾದದ್ದು. ಬಂದಾಗಲೆಲ್ಲ ಅಣ್ಣನ ಬೈಕಿನ ಹಿಂದೆ ಕೂತು ಬಂದು, ಅವನು ಎದ್ದ ಕೂಡಲೇ ಎದ್ದು ಹೋಗುವವಳು. ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಹಾಕಿ ಎದುರು ಹೋದೆ.

"ಏನಾತು ಅತ್ತಿಗಿ? ಅಪ್ಪ ಆರಾಮ ಅದಾನಿಲ್ಲ?"

"ಎಲ್ಲಾರೂ ಆರಾಮ ಅದಾರ. ಬಸ್ ಫ್ರೀ ಐತಲ್ಲ, ನಿನ್ನ ನೋಡ್ಕೊಂಡು ಹೋಗೋಣಂತ ಬಂದೆ."

ಅದು ನಿಜವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಒಳಗೆ ಬಂದು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಬೇಡವೆಂದಳು. ಚೀಲದಿಂದ ಹಸಿ ಹೆಸರುಕಾಯಿ ಸುರಿದಳು, ಒಂದು ಕಟ್ಟು ಪುಂಡಿಪಲ್ಯ ತೆಗೆದಿಟ್ಟಳು. ಎಲೆಗಳ ಮೇಲೆ ಎಂದಿನಂತೆ ಅದಿರಿನ ಕೆಂಪು ಧೂಳಿತ್ತು. ನಮ್ಮೂರು ವಡ್ಡುವಿನಲ್ಲಿ ಬೆಳೆದ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯದೆ ಯಾರೂ ಒಲೆಗೆ ಹಾಕುವುದಿಲ್ಲ.

ಅವಳ ಬಗ್ಗೆ ಸ್ವಲ್ಪ ಹೇಳಬೇಕು. ಅತ್ತಿಗೆಯ ತವರು ಕಂಪ್ಲಿ ಕಡೆಯ ಮೆಟ್ರಿ. ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದವಳು. ಮದುವೆಯಾಗಿ ವಡ್ಡುವಿಗೆ ಬಂದಾಗ ನಾನು ಏಳನೇ ಕ್ಲಾಸು. ಆ ಬೇಸಿಗೆಯಲ್ಲಿ ನಮ್ಮ ಹೊಲ ನೋಡಿ, "ನೀರಿಲ್ಲದ ಭೂಮಿಯಾಗ ಏನ್ ಬೆಳೀತೀರಿ ಅತ್ತಿ?" ಎಂದು ನನ್ನ ಅವ್ವನನ್ನು ಕೇಳಿದ್ದಳು. ಅವ್ವ ನಕ್ಕು, "ಮಳಿ ಬೀಳ್ಲಿ, ತೋರಿಸ್ತೀನಿ" ಎಂದಿದ್ದಳು. ತೋರಿಸಿದಳು ಕೂಡ. ಅಪ್ಪ ಎತ್ತು ಹೂಡಿ ಕೂರಿಗೆ ಹೊಡೆದರೆ, ಅವ್ವ ಮತ್ತು ಅತ್ತಿಗೆ ಅದರ ಹಿಂದೆ ನಡೆಯುತ್ತ ಜೋಳದ ಸಾಲುಗಳ ನಡುವೆ ತೊಗರಿ, ಹೆಸರು, ಅಲಸಂದಿ, ಗುರೆಳ್ಳು ಬಿಡುತ್ತಿದ್ದರು. ಆ ನಡುಸಾಲಿಗೆ ನಮ್ಮಲ್ಲಿ ಅಕ್ಕಡಿ ಎನ್ನುತ್ತಾರೆ. ಯಾವ ಸಾಲಿಗೆ ಯಾವ ಕಾಳು ಎನ್ನುವುದು ಹೆಂಗಸರ ತಲೆಯಲ್ಲಿರುತ್ತಿತ್ತು. ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುವುದೂ ಅವರದೇ ಕೆಲಸ.

ಅವ್ವ ತೀರಿಕೊಂಡ ಮೇಲೆ ಎಲ್ಲವೂ ಅತ್ತಿಗೆಯ ಕೈಗೆ ಬಂತು. ಅಷ್ಟರಲ್ಲಿ ಅಣ್ಣ ಊರ ಹತ್ತಿರದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದ. ಎತ್ತು ಹೋಗಿ ಬಾಡಿಗೆ ಟ್ರ್ಯಾಕ್ಟರ್ ಬಂತು. ಅಪ್ಪನಿಗೆ ಮೊಣಕಾಲು ನೋವು, ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ರಸ್ತೆ ಬದಿಯ ದೊಡ್ಡ ಹೊಲಕ್ಕೆ ಮೆಕ್ಕೆಜೋಳ ಹಾಕಬೇಕೆಂದು ಅಪ್ಪ, ಅಣ್ಣ ಕೂತು ತೀರ್ಮಾನ ಮಾಡುತ್ತಿದ್ದರು. ಬಿತ್ತುವುದು, ಕಳೆ ತೆಗೆಯುವುದು, ತೆನೆ ಮುರಿಯುವುದು ಅವಳ ಪಾಲಿಗೆ. ಅದರ ಹಿಂದಿನ ಹಳ್ಳದ ಹೊಲ ಮಾತ್ರ, ಒಂದೂಕಾಲು ಎಕರೆ ಎರೆಭೂಮಿ, ಅವಳ ಇಷ್ಟಕ್ಕೆ ಬಿಟ್ಟದ್ದು. ಮನೆಗೆ ತಿನ್ನಲು ಏನಾದರೂ ಹಾಕಿಕೊಳ್ಳಲಿ ಎಂದು. ಕಾಗದದಲ್ಲಿ ಎಲ್ಲವೂ ಅಪ್ಪನ ಹೆಸರಿನಲ್ಲಿಯೇ ಇತ್ತು. ಅಜ್ಜನಿಂದ ಬಂದ ಆಸ್ತಿ.

ಅವಳು ಹಾಗೆ ಒಬ್ಬಳೇ ನನ್ನ ಮನೆಗೆ ಬಂದದ್ದರ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಿರಗ ಬರಲಿಲ್ಲ, ಆರಿದ್ರಾ ಬರಲಿಲ್ಲ. ಹೆಸರು ಹಿಡಿದು ಕಾಯುವ ಮಳೆಗಳು ಒಂದೊಂದಾಗಿ ತಪ್ಪಿಸಿಕೊಂಡವು. ಆಮೇಲೆ ಒಂದು ಹದ ಮಳೆ ಬಿದ್ದಾಗ ಎಲ್ಲರೂ ಬಿತ್ತಿದರು, ಮತ್ತೆ ಒಂದು ತಿಂಗಳು ಬಿಸಿಲು. ದೊಡ್ಡ ಹೊಲದ ಮೆಕ್ಕೆಜೋಳ ಮೊಣಕಾಲುದ್ದಕ್ಕೆ ಬಂದು ಸುರುಳಿ ಸುತ್ತಿಕೊಂಡು ಒಣಗಿತು. ಹಳ್ಳದ ಹೊಲದಲ್ಲಿ ಅತ್ತಿಗೆ ಅಂಚಿಗೆ ನವಣೆ ಹಾಕಿದ್ದಳು, ನಡುವೆ ಜೋಳ, ಅಕ್ಕಡಿಗೆ ಅಲಸಂದಿ ಮತ್ತು ತೊಗರಿ. ನವಣೆ, ಅಲಸಂದಿ ಇದ್ದಷ್ಟು ತೇವದಲ್ಲೇ ಕಾಳು ಕಟ್ಟಿದವು. ಕೊಯ್ದು ಮನೆಗೆ ತಂದ ಮೇಲೆ, ಜೋಳ ಹಾಲುದುಂಬಿ ಗಟ್ಟಿಯಾಗುವ ಹೊತ್ತಿಗೆ, ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಜೋಳದ ತೆನೆ ಅರ್ಧಕ್ಕರ್ಧ ಕಪ್ಪಾಯಿತು. ತೊಗರಿ ಮಾತ್ರ ಅದೇ ಮಳೆಯಲ್ಲಿ ಚಿಗಿತುಕೊಂಡು, ಚಳಿಗಾಲದಲ್ಲಿ ಒಳ್ಳೆಯ ಕಾಯಿ ಹಿಡಿಯಿತು.

ಊರಲ್ಲಿ ಆ ವರ್ಷ ಕೊಂಡು ತಿನ್ನದ ಮನೆಗಳು ಕಡಿಮೆ. ನಮ್ಮ ತವರಿನಲ್ಲಿ ಕೊಳ್ಳಲಿಲ್ಲ. ಹೊಸಪೇಟೆಯ ನನ್ನ ಮನೆಗೂ ನವಣೆ ಬಂತು, ಅಲಸಂದಿ ಬಂತು, ತೊಗರಿಬೇಳೆ ಬಂತು. ಯುಗಾದಿ ದಾಟುವವರೆಗೆ ಉಂಡೆವು.

ಬೆಳೆ ಹಾನಿ ನೋಡಲು ಒಬ್ಬ ಹುಡುಗ ಫೋನು ಹಿಡಿದು ಬಂದಿದ್ದನಂತೆ. ಹೊಲದಲ್ಲಿದ್ದ ಅತ್ತಿಗೆಯನ್ನು, "ರೈತರು ಎಲ್ಲದಾರ್ರೀ?" ಎಂದು ಕೇಳಿದ. ಇವಳು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, "ನಾನೇ ಮಾಡೋದ್ರಿ" ಎಂದಳು. "ನೀವಲ್ಲಮ್ಮ, ಪಹಣಿಯಾಗ ಹೆಸರು ಇರೋರು ಬೇಕು." ಅಣ್ಣ ಬೈಕಿನಲ್ಲಿ ಅಪ್ಪನನ್ನು ಕೂರಿಸಿಕೊಂಡು ಬಂದ. ಒಣಗಿದ ದಂಟೊಂದನ್ನು ಕೈಯಲ್ಲಿ ಹಿಡಿಸಿ ಆ ಹುಡುಗ ಅಪ್ಪನ ಫೋಟೋ ತೆಗೆದ. ಎಷ್ಟು ಬಿತ್ತಿದ್ದೀರಿ, ಯಾವಾಗ ಬಿತ್ತಿದ್ದೀರಿ ಎಂದು ಕೇಳಿದಾಗಲೆಲ್ಲ ಅಪ್ಪ ಅತ್ತಿಗೆಯ ಮುಖ ನೋಡುತ್ತಿದ್ದ. ಅವಳು ಹೇಳುತ್ತಿದ್ದಳು, ಅಪ್ಪ ಅದನ್ನೇ ಮತ್ತೆ ಹೇಳುತ್ತಿದ್ದ, ಆ ಹುಡುಗ ಬರೆದುಕೊಳ್ಳುತ್ತಿದ್ದ. ಇದನ್ನು ಅತ್ತಿಗೆ ನನಗೆ ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ.

ಆ ಭಾನುವಾರ ಅವಳು ನಗುತ್ತಿರಲಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು, ನನ್ನ ಯಜಮಾನರು ತಮ್ಮ ಮೋಟಾರು ರಿವೈಂಡಿಂಗ್ ಅಂಗಡಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಮಾತು ತೆಗೆದಳು.

"ರಸ್ತೆ ಮಗ್ಗಲ ಹೊಲ ಯಾರ್ಡಿಗೆ ಕೊಡಾಕ ಹತ್ಯಾರ. ಲಾರಿ ನಿಲ್ಸಾಕ. ಗೊತ್ತೈತೇನ್ ನಿನಗ?"

ಗೊತ್ತಿತ್ತು. ಅಣ್ಣ ಫೋನು ಮಾಡಿದ್ದ. ಯಾರೋ ಸಾಗಣೆ ಗುತ್ತಿಗೆದಾರ, ಹದಿನೈದು ವರ್ಷಕ್ಕೆ ಲೀಸು. ಹೊಲವೆಲ್ಲ ಮೊದಲು ಅಣ್ಣನ ಹೆಸರಿಗೆ ಆಗಬೇಕು, ಮುಂದೆ ತಕರಾರು ಬರಬಾರದು, ಅದಕ್ಕೆ ಮನೆಮಗಳಾದ ನನ್ನ ಸಹಿ ಬೇಕೆಂದು ಗುತ್ತಿಗೆದಾರನ ವಕೀಲರು ಹೇಳಿದ್ದರು. ಸಂಡೂರಿಗೆ ಒಂದು ದಿನ ಬಂದು ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಮಾಡಿ ಹೋಗು ಎಂದಿದ್ದ ಅಣ್ಣ. ನಾನು ಹೂಂ ಎಂದಿದ್ದೆ.

"ಆ ಹೊಲ ಹೋಗ್ಲಿ ಬಿಡು," ಎಂದಳು ಅತ್ತಿಗೆ. "ಹಳ್ಳದ ಹೊಲ ಉಳಿಸ್ಕೊಡು. ನೀನು ಸೈನ್ ಮಾಡಬ್ಯಾಡ. ನನಗ ನನ್ನ ಪಾಲು ಬೇಕು, ಹಳ್ಳದ ಹೊಲ ಕೊಡ್ರಿ ಅಂತ ಕೇಳು. ನಿನ್ನ ಹೆಸರಿಗೇ ಇರ್ಲಿ. ನಾ ಮಾಡ್ತೀನಿ. ಬೆಳೆದದ್ದು ನಿನಗೂ ಕೊಡ್ತೀನಿ."

"ಅದನ್ನ ಹಂಗೇ ಬಿಡ್ತಾರಂತಲ್ಲ ಅತ್ತಿಗಿ. ಅಣ್ಣ ಹೇಳ್ಯಾನ."

"ನಿಮ್ಮಣ್ಣ ಹೇಳ್ತಾನ. ನನಗ ಗೊತ್ತೈತಿ, ಬಿಡಾಂಗಿಲ್ಲ. ಲಾರಿ ಹೊಳ್ಳಾಕ ಜಾಗ ಬೇಕಂತ ಮೊನ್ನೆ ಬಂದು ಅಳತಿ ಮಾಡ್ಕೊಂಡು ಹೋಗ್ಯಾರ."

"ನೀನೇ ಕೇಳಬೇಕಿಲ್ಲ?"

"ನಾ ಯಾರು ಕೇಳಾಕ? ನಾ ಸೊಸಿ. ನಿಮ್ಮಣ್ಣ ಇರೋತನಕ ನನಗೇನೈತಿ ಅದ್ರಾಗ? ನಿನಗೈತಿ. ಕಾಯ್ದೆದಾಗ ನಿನಗ ಸಮಪಾಲು ಐತಿ. ಮಹಿಳಾ ಸಂಘದ ಮೀಟಿಂಗಿನ್ಯಾಗ ಒಬ್ಬ ಮೇಡಂ ಬಂದು ಹೇಳಿದ್ರು."

ನನಗೆ ಆಗ ಸಿಟ್ಟು ಬಂತು. ಯಾಕೆ ಬಂತು ಎಂದು ಇವತ್ತು ಯೋಚಿಸಿದರೆ, ಅವಳು ಹೇಳಿದ್ದು ಸರಿಯಾಗಿತ್ತು, ನಾನು ಅದನ್ನು ಮಾಡಲಾರೆ ಎಂದು ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು, ಅದಕ್ಕೆ. ಮೂವತ್ತು ವರ್ಷದಿಂದ ಕಂಡ ಹೆಣ್ಣುಮಗಳಿಗೆ ಆಡಬಾರದ ಮಾತು ಆಡಿದೆ.

"ನನ್ನ ತವರಿನಾಗ ಜಗಳ ಹಚ್ಚಾಕ ಬಂದೀಯೇನು? ಪಾಲು ಕೇಳೋದಿದ್ರ ನಿನ್ನ ಅಣ್ತಮ್ಮರ ಹತ್ರ ಕೇಳು. ಮೆಟ್ರಿಯಾಗ ನೀರಾವರಿ ಐತಿ ನಿಮಗ."

ಅವಳು ಮುಖ ಕೆಳಗೆ ಹಾಕಲಿಲ್ಲ. ಹೆಸರುಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

"ನಾನೂ ಸೈನ್ ಮಾಡೀನಿ ತಂಗಿ. ಹನ್ನೆರಡು ವರ್ಷ ಆತು. ನಮ್ಮಪ್ಪ ಸತ್ತ ತಿಂಗಳಿಗೆ ಕರಕೊಂಡು ಹೋಗಿ ಸೈನ್ ಹಾಕಿಸ್ಕೊಂಡ್ರು. ಸೀರಿ ಕೊಟ್ಟು ಕಳಿಸಿದ್ರು. ಅವತ್ತು ನನಗ ಬ್ಯಾಡ ಅಂತ ಹೇಳೋರು ಯಾರೂ ಇರಲಿಲ್ಲ. ಅದಕ್ಕ ನಿನಗ ಹೇಳಾಕ ಬಂದೆ."

ಖಾಲಿ ಲೋಟ ಎತ್ತಿಕೊಳ್ಳುತ್ತ, "ನೋಡೋಣ" ಎಂದೆ. ಊಟ ಮಾಡಿಕೊಂಡು ಹೋಗು ಎಂದರೆ, ಎರಡು ಗಂಟೆ ಬಸ್ಸು ತಪ್ಪಿದರೆ ಅಣ್ಣ ಡ್ಯೂಟಿಯಿಂದ ಬರುವಷ್ಟರಲ್ಲಿ ಮನೆ ಸೇರಲಾಗುವುದಿಲ್ಲ ಎಂದು ಎದ್ದಳು. ಹೊಸ್ತಿಲ ಹತ್ತಿರ ನಿಂತು, "ನಾ ಬಂದಿದ್ದೆ ಅಂತ ಹೇಳಬ್ಯಾಡ" ಎಂದಳು.

ಅಂದು ಸಂಜೆ ಯಜಮಾನರಿಗೆ ಹೇಳಿದೆ. "ನಿಮ್ಮ ಮನಿ ವಿಷಯ, ನಾ ಏನ್ ಹೇಳ್ಲಿ" ಎಂದರು. ಆಮೇಲೆ, "ನಾಳೆ ಮಗಳ ಮದುವೆ ಅಂದ್ರ ಸೋದರಮಾವ ಬೇಕಲ್ಲ" ಎಂದೂ ಅಂದರು. ಅಷ್ಟೇ ಸಾಕಾಯಿತು. ನನಗೆ ತವರೆಂದರೆ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋಗುವುದು, ಬಾಣಂತನದಲ್ಲಿ ಮಲಗಿದ ಆ ಪಡಸಾಲೆ, ಅವ್ವನ ಮಂಚ. ಪಾಲು ಕೇಳಿದ ಹೆಣ್ಣುಮಕ್ಕಳ ಗತಿ ನಮ್ಮ ಓಣಿಯಲ್ಲೇ ನೋಡಿದ್ದೆ. ಒಬ್ಬಾಕೆಯ ಅಪ್ಪ ತೀರಿಕೊಂಡಾಗ ಮಣ್ಣು ಮುಗಿದ ಮರುದಿನ ಸುದ್ದಿ ಕಳಿಸಿದ್ದರು. ನನಗೆ ಹಾಗಾಗಬಾರದಿತ್ತು. ಎರಡು ವಾರ ದಿನವೂ ಇದನ್ನೇ ಯೋಚಿಸಿದೆನೆಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾಗಿ ಅವತ್ತು ಸಂಜೆಯೇ ತೀರ್ಮಾನವಾಗಿತ್ತು.

ಸಂಡೂರಿನ ನೋಂದಣಿ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅಪ್ಪ, ಅಣ್ಣ, ವಕೀಲರ ಕಡೆಯವನೊಬ್ಬ ಕಾಯುತ್ತಿದ್ದರು. ಅತ್ತಿಗೆಯೂ ಬಂದಿದ್ದಳು. ಅಪ್ಪನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಲು ಒಬ್ಬರು ಬೇಕಿತ್ತು. ನನ್ನನ್ನು ನೋಡಿ, "ಬಾ ತಂಗಿ" ಎಂದಳು. ಅವಳ ಕಣ್ಣಲ್ಲಿ ಇನ್ನೂ ಆಸೆ ಇತ್ತು. ನಾನು ಒಳಗೆ ಹೋಗಿ ಎಲ್ಲರ ಎದುರಿಗೆ ಕೇಳಿಬಿಡುತ್ತೇನೆ ಎಂದು ಅವಳು ಅಂದುಕೊಂಡಿದ್ದಳೋ ಏನೋ.

ನಮ್ಮ ಸರದಿ ಬಂದಾಗ ಒಳಗೆ ಹೋದೆವು. ಅವಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಅಪ್ಪನ ನೀರಿನ ಬಾಟಲಿ ಹಿಡಿದು ಕೂತಳು. ಮೇಜಿನ ಆಚೆಗಿದ್ದವರು ಒಳ್ಳೆಯವರೇ. ಪತ್ರವನ್ನು ಓದಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಂತ ಇಚ್ಛೆಯಿಂದ ಹಕ್ಕು ಬಿಟ್ಟು ಕೊಡ್ತಾ ಇದ್ದೀರೇನಮ್ಮ? ಯಾರಾದ್ರೂ ಒತ್ತಾಯ ಮಾಡಿದ್ದಾರಾ?" ಎಂದು ಕೇಳಿದರು.

"ಇಲ್ರಿ. ಸ್ವಂತ ಇಚ್ಛೆ," ಎಂದೆ.

ಯಾರೂ ನನ್ನನ್ನು ಹೆದರಿಸಿರಲಿಲ್ಲ, ಅದು ನಿಜ. ಫೋಟೋ ತೆಗೆದರು, ಹೆಬ್ಬೆರಳು ಒತ್ತಿಸಿಕೊಂಡರು. ಹೊರಗೆ ಬಂದಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಅಣ್ಣ ಹತ್ತಿರದ ಅಂಗಡಿಗೆ ಕರೆದುಕೊಂಡು ಹೋಗಿ ಸೀರೆ ಕೊಡಿಸಿದ. ಬಣ್ಣ ಆರಿಸಿದವಳು ಅತ್ತಿಗೆ. "ಇದು ಒಪ್ತೈತಿ ನಿನಗ" ಎಂದು ಒಂದು ಹಸಿರು ಸೀರೆಯನ್ನು ನನ್ನ ಹೆಗಲಿಗೆ ಹಿಡಿದು ನೋಡಿದಳು. ಬೈಯಲಿಲ್ಲ, ಮಾತು ಬಿಡಲಿಲ್ಲ. ನನಗೆ ಅವಳ ಕಡೆ ನೋಡಲಾಗಲಿಲ್ಲ.

ಕಾರ್ತಿಕದಲ್ಲಿ ಯಾರ್ಡಿನ ಕೆಲಸ ಶುರುವಾಯಿತು. ಹಳ್ಳದ ಹೊಲದಲ್ಲಿ ಜೋಳ ಕೊಯ್ದಾಗಿತ್ತು, ತೊಗರಿ ಹೂವು ಬಿಟ್ಟು ಎಳೆಕಾಯಿ ಹಿಡಿಯುತ್ತಿತ್ತು. ತೊಗರಿ ಬರಲು ಇನ್ನೂ ಎರಡು ತಿಂಗಳು ಬೇಕು. ಅಷ್ಟು ದಿನ ತಡೆಯಿರಿ ಎಂದು ಅತ್ತಿಗೆ ಅಣ್ಣನಿಂದ ಹೇಳಿಸಿದಳು. ಮತ್ತೆ ಅಕಾಲದ ಮಳೆ ಬಂದರೆ ಎರೆಮಣ್ಣಿನಲ್ಲಿ ಗಾಡಿ ಹೂತುಕೊಳ್ಳುತ್ತದೆ, ಒಣಗಿದ್ದಾಗಲೇ ಮೊರಂ ಮಣ್ಣು ಸುರಿದು ಗಟ್ಟಿ ಮಾಡಬೇಕು ಎಂದರು ಗುತ್ತಿಗೆಯವರು. ಅಣ್ಣನೂ ಹೆಚ್ಚು ಮಾತಾಡಲಿಲ್ಲ. ಲಾರಿ ತಿರುಗಿಸುವ ಜಾಗವೆಂದು ಹಳ್ಳದ ಹೊಲವನ್ನೂ ಮೊದಲೇ ಒಪ್ಪಂದದಲ್ಲಿ ಸೇರಿಸಿದ್ದು ಆಗ ಬಯಲಾಯಿತು.

ನಾನು ಅವತ್ತು ಊರಿಗೆ ಹೋಗಿದ್ದೆ. ಯಾಕೆ ಹೋದೆನೋ, ತಡೆಯಲಂತೂ ಅಲ್ಲ. ಹಳದಿ ಯಂತ್ರವೊಂದು ಬದುವಿನ ಕಡೆಯಿಂದ ತೊಗರಿ ಗಿಡಗಳನ್ನು ದೂಡಿಕೊಂಡು ಬರುತ್ತಿತ್ತು. ಅದರ ಮುಂದೆ ಇಪ್ಪತ್ತು ಮಾರು ದೂರದಲ್ಲಿ ಅತ್ತಿಗೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಕೊಂಡು ಎಳೆಕಾಯಿ ಕೀಳುತ್ತಿದ್ದರು. ಕಾಳೇ ಕೂತಿರದ ಕಾಯಿ, ದನಕ್ಕೆ ಹಾಕಲು ಮಾತ್ರ ಬರುವಂಥದ್ದು. ನಾನೂ ಸೆರಗು ಕಟ್ಟಿ ಇಳಿದೆ. ಯಂತ್ರ ಹತ್ತಿರ ಬಂದಾಗ ಡ್ರೈವರ್ ನಿಲ್ಲಿಸಿ, "ಸರೀರಿ ಅಕ್ಕಾರ, ಧಕ್ಕಿ ಆಗ್ತೈತಿ" ಎಂದ. ಹೆಂಗಸರು ಸರಿದರು. ಅತ್ತಿಗೆ ಸರಿಯಲಿಲ್ಲ. ಇದ್ದ ಗಿಡದ್ದು ಪೂರ್ತಿ ಕಿತ್ತು ಮುಗಿಸಿ, ಸೊಂಟ ನೆಟ್ಟಗೆ ಮಾಡಿ, ಆಮೇಲೆ ಬದುವಿಗೆ ಬಂದಳು. ಡ್ರೈವರ್ ಅಷ್ಟು ಹೊತ್ತೂ ಕಾದ. ಆ ವರ್ಷದಲ್ಲಿ ಅವಳಿಗಾಗಿ ಯಾರಾದರೂ ಕಾದದ್ದಿದ್ದರೆ ಅವನೊಬ್ಬನೇ.

ಮುಂದಿನ ಮುಂಗಾರಿಗೆ ಬಿತ್ತಲು ಅವಳಿಗೆ ಭೂಮಿ ಇರಲಿಲ್ಲ. ಗಡಿಗೆಗಳಲ್ಲಿ ಬೀಜ ಇತ್ತು. ಬೇರೆಯವರ ಹೊಲ ಪಾಲಿಗೆ ಹಿಡಿಯಲು ಎರಡು ಮೂರು ಮನೆಗೆ ಹೋಗಿ ಕೇಳಿದಳಂತೆ. ಗಂಡಸರನ್ನು ಕಳಿಸು, ಮಾತಾಡೋಣ ಎಂದರು. ಅಣ್ಣ ಹೋಗಲಿಲ್ಲ. "ಕುಂದ್ರು ಆರಾಮ, ಬಾಡಿಗಿ ಬರ್ತೈತಲ್ಲ" ಎಂದ. ಬಾಡಿಗೆ ಅಣ್ಣನ ಖಾತೆಗೆ ಬರುತ್ತಿತ್ತು. ಅಣ್ಣ ಕೆಟ್ಟವನಲ್ಲ, ಮನೆಗೆ ಅಕ್ಕಿ, ಎಣ್ಣೆ ತರುತ್ತಿದ್ದ. ಆದರೆ ಜೋಳ, ಬೇಳೆ, ಸೊಪ್ಪು, ಗುರೆಳ್ಳು ಕೊಂಡು ತರುವ ಸಾಮಾನುಗಳೆಂದು ಅವನಿಗೆ ಹೊಳೆದಿರಲೇ ಇಲ್ಲ. ಅವು ಮನೆಯಲ್ಲಿ ಇರುತ್ತಿದ್ದವು, ಅಷ್ಟೇ.

ಆ ವರ್ಷದ ಪಂಚಮಿಗೆ ನಾನು ಹೋದಾಗ ತಟ್ಟೆಯಲ್ಲಿ ಬಿಳಿ ಜೋಳದ ರೊಟ್ಟಿ ಇತ್ತು. ತಿಂದು ಮುಗಿಸಿದ ಮೇಲೆ, ಎಲ್ಲಿ ತಂದಿರಿ, ಚೆನ್ನಾಗಿದೆ ಎಂದೆ.

"ಬೀಜಕ್ಕಿಟ್ಟಿದ್ದು," ಎಂದಳು ಅತ್ತಿಗೆ. "ಇನ್ನೊಂದು ವರ್ಷ ಇಟ್ರ ಹುಳ ಬೀಳ್ತೈತಿ, ಹುಟ್ಟಾಂಗಿಲ್ಲ. ಬೂದಿ ತೊಳದು ಬೀಸಿಬಿಟ್ಟೆ."

ಅಣ್ಣ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಅದು ಅವ್ವನ ಕೈಯಿಂದ ಅವಳ ಕೈಗೆ ಬಂದ ಬೀಜ. ಆ ಮನೆಯಲ್ಲಿ ಅದನ್ನು ಹೇಳುವ ಹಕ್ಕೂ ನನಗೆ ಉಳಿದಿರಲಿಲ್ಲ.

ಆಮೇಲೆ ಅವಳು ಭತ್ತ ನಾಟಿ ಮಾಡಲು ತವರಿಗೆ ಹೋದಳು, ಕೂಲಿಗೆ. ಸಣ್ಣವಳಿದ್ದಾಗ ಮಾಡಿದ ಕೆಲಸ, ಕೈ ಮರೆತಿರಲಿಲ್ಲ. ಮೆಟ್ರಿಯ ಹೆಂಗಸರ ಗುಂಪು ಸೇರಿಸಿಕೊಂಡಿತು. ತನ್ನ ಅಪ್ಪನ ಗದ್ದೆಯಲ್ಲೇ, ತಾನು ಸಹಿ ಮಾಡಿಕೊಟ್ಟ ಗದ್ದೆಯಲ್ಲೇ, ಎರಡು ದಿನ ಕೂಲಿಗೆ ನಾಟಿ ಮಾಡಿದಳು. ಒಂದು ಬೆಳೆಗೆ ಹಾಗೆ ನಡೆಯಿತು. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡುವುದಿಲ್ಲ ಎಂದು ಗೊತ್ತಾಯಿತು. ಇದ್ದ ಕೆಲವು ಬೋರಿನ ಗದ್ದೆಗಳಿಗೆ ನಾಟಿ ಯಂತ್ರ ಬಂತು. ಅದನ್ನು ಓಡಿಸಲು ಕರೆದವರು ಗಂಡಸರನ್ನೇ. ಗುಂಪು ಒಡೆಯಿತು. ಅತ್ತಿಗೆ ವಡ್ಡುವಿಗೆ ವಾಪಸು ಬಂದು, ಲಾರಿಯವರಿಗೆ ಊಟ ಹಾಕುವ ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಆ ಕ್ಯಾಂಟೀನು ನಮ್ಮ ದೊಡ್ಡ ಹೊಲದ ಮೂಲೆಯಲ್ಲಿದೆ. ತಗಡಿನ ಶೀಟು, ಮೂರು ಕಡೆ ಗೋಡೆ. ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅವಳು ಅಲ್ಲೇ ತಲೆ ಸುತ್ತಿ ಬಿದ್ದಳು. ಅಣ್ಣ ಹೊಸಪೇಟೆಗೆ ಕರೆದುಕೊಂಡು ಬಂದ, ಆಸ್ಪತ್ರೆಯಲ್ಲಿ ನಾನು ಜೊತೆಗಿದ್ದೆ. ಹಾಸಿಗೆಯ ಮೇಲೆ ಅವಳ ಕೈ ನೋಡಿದೆ. ಮುಷ್ಟಿಯಲ್ಲಿ ಕಾಳು ಹಿಡಿದು ಸಾಲು ತಪ್ಪದೆ ಬಿಡುತ್ತಿದ್ದ ಕೈ ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿತ್ತು, ಉಗುರುಗಳಲ್ಲಿ ಬಣ್ಣವೇ ಇರಲಿಲ್ಲ. ರಕ್ತ ಬಹಳ ಕಡಿಮೆಯಾಗಿದೆ ಎಂದರು. ಒಬ್ಬ ಎಳೆಯ ವಯಸ್ಸಿನ ಡಾಕ್ಟರಮ್ಮ ಬಂದು, ಮಾತ್ರೆ ಬರೆದುಕೊಟ್ಟು, ಪ್ರೀತಿಯಿಂದಲೇ ಹೇಳಿದಳು:

"ಬರೀ ಅನ್ನ ತಿನ್ನಬಾರದಮ್ಮ. ಜೋಳದ ರೊಟ್ಟಿ, ನವಣೆ, ಹೆಸರುಕಾಳು, ಸೊಪ್ಪು, ಪುಂಡಿಪಲ್ಯ, ಇಂಥದ್ದೆಲ್ಲ ತಿನ್ನಬೇಕು. ನಿಮ್ಮ ಹಳ್ಳಿ ಕಡೆ ಚೆನ್ನಾಗಿ ಸಿಗುತ್ತಲ್ಲ?"

"ಹೂನ್ರಿ," ಎಂದಳು ಅತ್ತಿಗೆ. "ಸಿಗ್ತಾವ್ರಿ."

ಡಾಕ್ಟರಮ್ಮ ಹೋದ ಮೇಲೆ ನಾನು ಹೊರಗೆ ಹೋಗಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತೆ. ಅಳು ಬರಲಿಲ್ಲ. ಒಳಗೆ ಬಂದಾಗ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು.

ಆ ವಾರ ಯಾರಿಗೂ ಹೇಳದೆ ಒಬ್ಬ ವಕೀಲರನ್ನು ಕಂಡೆ. ಪತ್ರ ರದ್ದು ಮಾಡಿಸಬಹುದೇ ಎಂದು ಕೇಳಿದೆ. ಓದಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: ಮೋಸ ಆಗಿತ್ತೇ, ಒತ್ತಾಯ ಇತ್ತೇ? ಇಲ್ಲ ಎಂದೆ. "ಮತ್ತೆ ಏನಂತ ಹಾಕೋಣಮ್ಮ ಕೇಸು?" ಎಂದು ಕಾಗದ ಮಡಚಿ ಕೈಗೆ ಕೊಟ್ಟರು. ಗೆದ್ದರೂ ಏನು ಸಿಗುತ್ತಿತ್ತು? ಆ ಎರೆಮಣ್ಣಿನ ಮೇಲೆ ಈಗ ಆಳುದ್ದ ಮೊರಂ ಇದೆ, ಅದರ ಮೇಲೆ ಎಣ್ಣೆ ಸೋರಿದ ಕಲೆಗಳಿವೆ. ಹಳ್ಳಕ್ಕೂ ಮಣ್ಣು ಜರಿದು, ಮಳೆ ಬಂದರೆ ನೀರು ನಮ್ಮ ಕೇರಿಯ ಕಡೆ ತಿರುಗುತ್ತದೆ.

ಅಪ್ಪ ಈ ವರ್ಷ ತೀರಿಕೊಂಡ. ನನ್ನನ್ನು ಹೊತ್ತಿಗೆ ಸರಿಯಾಗಿ ಕರೆಸಿಕೊಂಡರು, ಮುಖ ನೋಡುವವರೆಗೆ ಕಾದರು. ಆ ಹನ್ನೊಂದು ದಿನ ಬಂದು ಹೋದ ನೆಂಟರಲ್ಲಿ ಎಷ್ಟೋ ಜನ ನನ್ನನ್ನು ಹೊಗಳಿದರು. ಆಸ್ತಿಗೆ ಕೈಚಾಚದ ಮಗಳು, ಇಂಥವಳು ಮನೆಗೊಬ್ಬಳಿರಬೇಕು ಎಂದರು. ಅತ್ತಿಗೆ ಅದೇ ಪಡಸಾಲೆಯಲ್ಲಿ ಎಲೆ ಹಾಸುತ್ತಿದ್ದಳು. ಅವಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಹೊರಡುವಾಗ ಬಸ್ ಸ್ಟಾಪಿನವರೆಗೆ ಅವಳೇ ಬಂದಳು. ಬಸ್ಸು ಬರುವ ಮೊದಲು, "ನಿಮ್ಮ ಕಾಲೇಜಿನಾಗ ಕಸ ಹೊಡಿಯೋ ಕೆಲಸ ಏನಾರ ಇದ್ರ ನೋಡ್ತೀಯೇನು? ಒಳಗ ನೆರಳಾಗ ಇರ್ತೈತಿ. ಬಸ್ಸಿಗೆ ದಿನಾ ಬಂದು ಹೋಗ್ತೀನಿ," ಎಂದಳು. ನನ್ನ ಹತ್ತಿರ ಅವಳು ಕೇಳಿದ ಎರಡನೇ ಮಾತು ಅದು.

ಕೇಳಿದೆ. ಸೂಪರಿಂಟೆಂಡೆಂಟರನ್ನು ಕಂಡೆ, ಕೆಲಸಗಾರರನ್ನು ಒದಗಿಸುವ ಏಜೆನ್ಸಿಯವನನ್ನೂ ಕಂಡೆ. ಕೈಮುಗಿದೇ ಕೇಳಿದೆ. ನಲವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ, ಅದೂ ರಕ್ತ ಕಡಿಮೆ ಇರುವವರು ಬೇಡವೇ ಬೇಡ ಎಂದ ಏಜೆನ್ಸಿಯವನು. ಅದನ್ನು ಹೇಳಲು ನಾಲ್ಕು ದಿನ ತಡ ಮಾಡಿ, ನಿನ್ನೆ ಮಧ್ಯಾಹ್ನ ಫೋನು ಮಾಡಿದೆ. ಆಚೆಯಿಂದ ಪಾತ್ರೆಗಳ ಸದ್ದು, ಲಾರಿ ಹಿಂದಕ್ಕೆ ತೆಗೆಯುವ ಸದ್ದು.

"ಆಗಲಿಲ್ಲ ಅತ್ತಿಗಿ," ಎಂದೆ.

"ಹೌದೇನು?" ಎಂದಳು. "ಆತು ಬಿಡು ತಂಗಿ. ನೀ ಏನ್ ಮಾಡ್ತಿ."

ಅದು ಪ್ರಶ್ನೆಯಾಗಿರಲಿಲ್ಲ. ಅಷ್ಟರಲ್ಲಿ ಯಾರೋ ಅವಳನ್ನು ಕೂಗಿದರು, ಅವಳು ಫೋನು ಇಟ್ಟಳು.